ಪಾಲಖಿಗೆಂದು ಹಾಕಿದ ನಳ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ದಿನಾ ಬೆಳಿಗ್ಗೆ ಪುಣೆಯಿಂದ ಕೆಂಪು ಬಸ್ಸು ಹಿಡಿದು, ಘಾಟು ಹತ್ತಿ, ಆಚೆಯ ಒಂದು ಸಣ್ಣ ಊರಿಗೆ ನೌಕರಿಗೆ ಹೋಗುತ್ತಿದ್ದೆ. ಅಲ್ಲಿನ ಪುರಸಭೆಯಲ್ಲಿ ಗುಮಾಸ್ತೆಯ ಕೆಲಸ. ಸಭೆಗೆ ವಿಷಯಪಟ್ಟಿ ತಯಾರಿಸುವುದು, ಸದಸ್ಯರು ಕೂಗಾಡಿದ್ದನ್ನು ಮರ್ಯಾದೆಯ ಮರಾಠಿಗೆ ಇಳಿಸಿ ನಡಾವಳಿ ಪುಸ್ತಕದಲ್ಲಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಅಪ್ಪ ವಿಜಾಪುರದ ಕಡೆಯವರು, ಪುಣೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಹಾಗಾಗಿ ಆ ಸಭೆಗಳಲ್ಲಿ ಎಲ್ಲರೂ ಆಡಿದ್ದು ಮರಾಠಿಯೇ ಆದರೂ ನೆನಪಿನಲ್ಲಿ ಅದೆಲ್ಲ ನಮ್ಮ ಮನೆಯ ಕನ್ನಡವಾಗಿ ಕೂತುಬಿಟ್ಟಿದೆ.

ಪುರಸಭೆಯ ಆದಾಯವೆಂದರೆ ಮುಖ್ಯವಾಗಿ ಜಕಾತಿ. ಊರಿನ ಬಾಯಿಯಲ್ಲಿ ನಾಕಾ, ಅಲ್ಲಿ ನಿಲ್ಲುವ ಗಾಡಿಗಳ ಈರುಳ್ಳಿ, ಬೆಲ್ಲ, ಸಿಮೆಂಟಿನ ಮೇಲೆ ಬೀಳುವ ಸುಂಕ. ಅಷ್ಟರಲ್ಲೇ ದೀಪ, ಗಟಾರು, ರಸ್ತೆಗೆ ಮುರುಮು, ಕಸದ ಗಾಡಿಯ ಎತ್ತಿಗೆ ಹಿಂಡಿ, ಎಲ್ಲ ಆಗಬೇಕು. ಫೆಬ್ರುವರಿಯಲ್ಲಿ ಬಜೆಟ್ ಸಭೆ. ದೊಡ್ಡ ನೀರಿನ ಟಾಕಿಯ ದುರಸ್ತಿ ಚಹಾ ಬರುವುದರೊಳಗೆ ಮಂಜೂರಾಗುತ್ತಿತ್ತು, ಯಾಕೆಂದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಗಟಾರು ಎಲ್ಲರಿಗೂ ತಿಳಿಯುತ್ತಿತ್ತು. ಬಜಾರಿನ ಒಂದು ಗಟಾರು ಯಾವ ಕಡೆಗೆ ಹರಿಯಬೇಕೆಂಬುದರ ಮೇಲೆ ಮಧ್ಯಾಹ್ನದಿಂದ ಸಂಜೆಯವರೆಗೆ ಜಗಳ ನಡೆದದ್ದನ್ನು ನಾನೇ ಬರೆದುಕೊಂಡಿದ್ದೇನೆ. ಒಬ್ಬ ಸದಸ್ಯರು ಶರ್ಟಿನ ತೋಳು ಮೇಲೇರಿಸಿದ್ದನ್ನು ಮಾತ್ರ ಬರೆಯಲಿಲ್ಲ.

ಅಧ್ಯಕ್ಷರು ಕಾಳಿನ ವ್ಯಾಪಾರಿ. ಮಾತು ಕಡಿಮೆ, ಕೈಗಡಿಯಾರದ ಮೇಲೆ ಕಣ್ಣು ಜಾಸ್ತಿ. ಯಾರಾದರೂ ಎದ್ದು ಹೊಸದೇನನ್ನಾದರೂ ಕೇಳಿದರೆ ಅವರದು ಒಂದೇ ಪ್ರಶ್ನೆ: “ಯಾರ ವಾರ್ಡಿನ ಕೆಲಸ ಕಡಿಮಿ ಮಾಡಿ ಕೊಡೂಣು?” ಅಷ್ಟು ಕೇಳಿದರೆ ಸಾಕು, ಎದ್ದವರು ಕೂರುತ್ತಿದ್ದರು, ಕೂತವರು ತಲೆ ತಗ್ಗಿಸುತ್ತಿದ್ದರು. ನಾನು ಆಗ ಇಪ್ಪತ್ತಮೂರರ ಹುಡುಗಿ, ಮೂಗಿನ ತುದಿಯಲ್ಲೇ ಸಿಟ್ಟು. ಇವರಿಗೆ ಊರು ಕಾಣುವುದಿಲ್ಲ, ಬರೀ ವಾರ್ಡು ಕಾಣುತ್ತದೆ ಎಂದು ಹಲ್ಲು ಕಡಿಯುತ್ತಿದ್ದೆ.

ಬಸ್ ನಿಲ್ದಾಣದಿಂದ ಆಫೀಸಿಗೆ ಹೋಗುವ ಅಡ್ಡದಾರಿಯಲ್ಲಿ ಒಂದು ಬಯಲು. ಜಾಲಿ ಮುಳ್ಳು, ಕಲ್ಲು ತುಂಬಿದ ಜಾಗ. ಅದರ ಅಂಚಿಗೆ ಇಪ್ಪತ್ತು ಇಪ್ಪತ್ತೆರಡು ಗುಡಿಸಲು. ಒಂದು ದಿನ ಅಲ್ಲಿಂದ ಕನ್ನಡದ ಬೈಗುಳ ಕೇಳಿ ಗಕ್ಕನೆ ನಿಂತೆ. ಗುಲ್ಬರ್ಗಾ ಕಡೆಯ ಹೆಂಗಸೊಬ್ಬಳು ಕೊಡ ಕೆಡವಿದ ಮೇಕೆಗೆ ಅದರ ಮೂರು ತಲೆಮಾರಿನ ಚರಿತ್ರೆ ಹೇಳುತ್ತಿದ್ದಳು. ನನಗೆ ನಗು ತಡೆಯಲಾಗಲಿಲ್ಲ. “ಪಾಪ ಅದಕ್ಕೇನ್ ಗೊತ್ತಾಗ್ತದ ಬಿಡವ್ವಾ” ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಯ್ಯ, ನಮ್ಮ ಮಾತು! ಬರ್ರಿ ಅಕ್ಕಾರ, ರೊಟ್ಟಿ ತಿನ್ರಿ” ಎಂದಳು. ಅವತ್ತಿನಿಂದ ವಾರಕ್ಕೆ ಎರಡು ದಿನವಾದರೂ ಅವಳ ಗುಡಿಸಲಿನ ಮುಂದೆ ಕೂತು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ತಿಂದು ಹೋಗುವುದು ರೂಢಿಯಾಯಿತು. ಆಕೆಯ ಗಂಡ ಗೌಂಡಿ, ಆಕೆ ಕಲ್ಲು ಗಾರೆ ಹೊರುವವಳು. ಆ ಓಣಿಯವರೆಲ್ಲ ಅದೇ ಕೆಲಸದವರು. ಊರಿನ ಹೊಸ ಶಾಲೆ, ಬಸ್ ನಿಲ್ದಾಣ, ನಾನು ಕೂತು ಬರೆಯುತ್ತಿದ್ದ ಆಫೀಸಿನ ಹೊಸ ಕೋಣೆ, ಎಲ್ಲ ಅವರ ಕೈಯದ್ದೇ.

ಓಣಿಗೆ ನೀರು ಪಕ್ಕದ ಹೊಲದ ಬಾವಿಯಿಂದ. ಹೊಲದವರು ಕೆಟ್ಟವರಲ್ಲ, ಎರಡು ವರ್ಷ ಏನೂ ಅಂದಿರಲಿಲ್ಲ. ಆ ಚಳಿಗಾಲದಲ್ಲಿ ಮೋಟಾರು ಕೂರಿಸಿದರು, ಕಬ್ಬು ಹಾಕುವ ಯೋಚನೆ ಮಾಡಿದರು. ಮಳೆ ಹಿಡಿದ ಮೇಲೆ ಬಾವಿಗೆ ಬೇಲಿ ಹಾಕುತ್ತೇವೆ, ಅಷ್ಟರೊಳಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿ ಎಂದರು. ಬೇರೆ ವ್ಯವಸ್ಥೆ ಎಲ್ಲಿತ್ತು? ಊರ ನಳ ಅರ್ಧ ಮೈಲು ದೂರ, ಅಲ್ಲಿ ಊರಿನವರ ಕೊಡಗಳದ್ದೇ ಗಲಾಟೆ. ಅವರನ್ನು ಕೆಲಸಕ್ಕೆ ಕರೆತಂದಿದ್ದ ಗುತ್ತೇದಾರ ಆಗಲೇ, ನೀರಿಲ್ಲದಿದ್ದರೆ ಲಾರಿ ಕಳಿಸುತ್ತೇನೆ, ಗಂಟುಮೂಟೆ ಕಟ್ಟಿ, ಇನ್ನೊಂದು ಕಡೆ ಕಾರ್ಖಾನೆ ಕೆಲಸ ಇದೆ ಎಂದಿದ್ದ.

“ಲಗ್ನ ಆಗಿ ಹನ್ನೊಂದ ವರ್ಷ ಆತ್ರಿ ಅಕ್ಕಾರ. ಒಂದ ಒಲಿ ಎರಡ ಮಳಿಗಾಲ ಕಂಡಿದ್ದಿಲ್ಲ. ಇಲ್ಲೇ ಮೊದಲ ಸಲ ಕಂಡದ. ನಾ ಇನ್ನ ಏಳಾಂಗಿಲ್ರಿ ಇಲ್ಲಿಂದ” ಎಂದಳು ಆಕೆ. ಅಷ್ಟು ಹೇಳಿ ನನ್ನ ಮುಖ ನೋಡಿದಳು. ಪುರಸಭೆಯಲ್ಲಿ ಕೂರುವವಳಲ್ಲವೇ ನಾನು.

ಮಾಡಿಕೊಡುತ್ತೇನೆ ಎಂದುಬಿಟ್ಟೆ. ಬಜೆಟ್ಟಿನ ಹೊಸ ಕೆಲಸಗಳ ಪಟ್ಟಿ ನನ್ನ ಕೈಯಲ್ಲೇ ಬರೆಯಲ್ಪಡುತ್ತಿತ್ತಲ್ಲ, ಅದರಲ್ಲಿ ‘ಕೂಲಿಕಾರರ ಓಣಿಗೆ ಒಂದು ಸಾರ್ವಜನಿಕ ನಳ’ ಎಂದು ಸೇರಿಸಿ, ಕಾರಣದ ಕೆಳಗೆ ಕನಿಕರ ಉಕ್ಕುವ ಹಾಗೆ ಒಂದು ಪುಟ ಬರೆದೆ. ಪರರಾಜ್ಯದಿಂದ ಹೊಟ್ಟೆಪಾಡಿಗೆ ಬಂದವರು, ತಮ್ಮದೆನ್ನುವ ಮನೆಯಿಲ್ಲದವರು, ಈ ಊರನ್ನು ಕಟ್ಟಿದವರು, ಹೀಗೆಲ್ಲ. ಓದಿಕೊಂಡು ನನಗೇ ಕಣ್ಣು ಒದ್ದೆಯಾಯಿತು. ನಮ್ಮ ಹೆಡ್ ಕ್ಲಾರ್ಕ್ ಸೊಲ್ಲಾಪುರದವರು, ಸೊಗಸಾಗಿ ಕನ್ನಡ ಆಡುವವರು, ಅವರಿಗೆ ತೋರಿಸಬೇಕಿತ್ತು. ತೋರಿಸಲಿಲ್ಲ. ಅವರು ಒಂದೆರಡು ಸಾಲು ಹೊಡೆದುಹಾಕುತ್ತಾರೆಂಬ ಹೆದರಿಕೆ, ಮೇಲೆ ನನ್ನ ಜಂಬ.

ಸಭೆಯಲ್ಲಿ ಆಫೀಸಿನ ಜವಾನ ಅದನ್ನು ಓದಿದ. ಬಜಾರು ವಾರ್ಡಿನ ಸದಸ್ಯರು ಎದ್ದು ನಿಂತರು. ಪರರಾಜ್ಯದವರೇ? ನಮ್ಮ ಮತದಾರರ ಯಾದಿಯಲ್ಲಿ ಇದ್ದಾರೇನು? ನಾಳೆ ಎದ್ದು ಹೋಗುವವರಿಗೆ ನಳ ಯಾಕೆ? ನಾನು ಕರುಣೆ ಬರಲೆಂದು ಬರೆದ ಒಂದೊಂದು ಮಾತನ್ನೂ ಅವರು ಕಲ್ಲಿನ ಹಾಗೆ ಎತ್ತಿಕೊಂಡರು. ಮತ್ತೆ ನಾಲ್ಕು ಮಂದಿ ತಂತಮ್ಮ ಓಣಿಗೂ ನಳ ಬೇಕೆಂದರು. ಅಧ್ಯಕ್ಷರು ಗಡಿಯಾರ ನೋಡಿ ತಮ್ಮ ಪ್ರಶ್ನೆ ಕೇಳಿದರು. ಎದ್ದವರೆಲ್ಲ ಕೂತರು. ‘ನಾಮಂಜೂರು’ ಎಂದು ನನ್ನ ಕೈಯಿಂದಲೇ ಬರೆದೆ. ಒಮ್ಮೆ ತಳ್ಳಿಹಾಕಿದ ವಿಷಯವನ್ನು ಕೆಲವು ತಿಂಗಳು ಮತ್ತೆ ತರುವಂತಿರಲಿಲ್ಲ. ಮಳೆಗಾಲ ಅದಕ್ಕೂ ಮೊದಲೇ ಬರುತ್ತಿತ್ತು.

ಅವತ್ತು ಸಂಜೆ ದಫ್ತರದ ಕಪಾಟಿನ ಹಿಂದೆ ನಿಂತು ಅತ್ತೆ. ಹೆಡ್ ಕ್ಲಾರ್ಕರು ತಂಬಾಕು ತಿಕ್ಕುತ್ತ ಬಂದು, “ಅತ್ತು ಮುಗೀತೇನವ್ವಾ ತಂಗೀ?” ಎಂದರು. “ಬಡವರು, ಪರದೇಶಿಗಳು ಅಂತ ಬರದ್ರ ಸಭಾದಾಗ ಯಾರಿಗೂ ಕೈ ಎತ್ತಾಕ ಆಗಂಗಿಲ್ಲ. ಎತ್ತಿದ್ರ ತಮ್ಮ ತಮ್ಮ ಓಣಿಗೆ ಹೋಗಿ ಜವಾಬ ಹೇಳಬೇಕಾಗ್ತದ. ಕೈ ಎತ್ತದಿದ್ರ ಮಂದಿಗೆ ಮಾರಿ ತೋರಸಾಕ ಆಗಬಾರದು, ಅಂಥಾ ವಿಷಯ ತರಬೇಕು. ಆಷಾಢ ಬರಲಿ.”

ಆಷಾಢದಲ್ಲಿ ಆ ಊರಿಗೆ ಪಾಲಖಿ, ಅಂದರೆ ಸಂತರ ಪಾದುಕೆಯ ಪಲ್ಲಕ್ಕಿ, ಬರುತ್ತಿತ್ತು. ಪಂಢರಪುರಕ್ಕೆ ನಡೆದು ಹೋಗುವ ಸಾವಿರಾರು ವಾರಕರಿಗಳು, ಒಂದೊಂದು ತಂಡಕ್ಕೂ ಒಂದು ದಿಂಡಿ ಎಂದು ಹೆಸರು. ಅವರು ತಂಗುವ ಕಡೆಯಲ್ಲೆಲ್ಲ ಪುರಸಭೆ ತಾತ್ಕಾಲಿಕ ನಳ, ದೀಪ ಹಾಕಿಸಬೇಕು. ಗಟಾರಿಗೆ ತೋಳೇರಿಸುವವರೂ ಪಾಲಖಿಯ ಪಟ್ಟಿ ಬಂದಾಗ ಕೈ ಮುಗಿದು ಒಪ್ಪುತ್ತಿದ್ದರು. ಆ ಖರ್ಚು ಬಜೆಟ್ಟಿನಲ್ಲಿ ಬೇರೆಯೇ ಇಟ್ಟದ್ದು, ಯಾರ ವಾರ್ಡಿನದೂ ಅಲ್ಲ.

“ಆ ಬಯಲಾಗ ದಿಂಡಿ ಇಳೀತದ ಅಂತ ಬರದಬಿಡೂಣೇನ್ರಿ?” ಎಂದು ಕೇಳಿದೆ.

ಅವರಿಗೆ ಸಿಟ್ಟೇ ಬಂತು. “ಸುಳ್ಳು ಬರಿಯಾಂಗಿಲ್ಲ ನಾ. ಇಪ್ಪತ್ತಾರ ವರ್ಷದಾಗ ಬರದಿಲ್ಲ. ದಿಂಡಿ ಖರೇನ ಅಲ್ಲಿ ಇಳೀಬೇಕು. ಇಳಿಯೂಹಂಗ ಜಾಗಾ ಆಗಬೇಕು. ಅದನ್ನ ನಿಮ್ಮ ಓಣಿಯವರಿಗೆ ಹೇಳು.”

ಹೇಳಿದೆ. ಸಂತೆಯ ರಜೆಯ ದಿನಗಳಲ್ಲಿ, ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ ಆ ಓಣಿಯವರು ಬಯಲಿಗಿಳಿದರು. ದಿನವಿಡೀ ಮಂದಿಯ ಮನೆಗೆ ಕಲ್ಲು ಹೊತ್ತ ಹೆಂಗಸರು ಸಂಜೆಗೆ ಮತ್ತೆ ಬುಟ್ಟಿ ಹಿಡಿದು ಕಲ್ಲು ಆರಿಸಿದರು. ಗಂಡಸರು ಜಾಲಿ ಕಡಿದರು, ತಗ್ಗು ತುಂಬಿದರು. ನಾನೂ ಸೀರೆ ಸೆರಗು ಸಿಕ್ಕಿಸಿ ಎರಡು ದಿನ ಆರಿಸಿದೆ. ಮೂರನೆಯ ದಿನ ಪೆನ್ನು ಹಿಡಿಯಲು ಬೆರಳು ಬಾಗಲಿಲ್ಲ. ಗುಲ್ಬರ್ಗಾದಾಕೆ ನಕ್ಕು, “ನೀವು ಬರ್ಯಾಕ ಹೋಗ್ರಿ ಅಕ್ಕಾರ, ಇದು ನಮಗ ಬಿಡ್ರಿ” ಎಂದು ಅಟ್ಟಿದಳು. ಹೆಡ್ ಕ್ಲಾರ್ಕರು ಪ್ರತಿ ವರ್ಷ ಪಾಲಖಿಯ ಜೊತೆ ಬರುವ ತಮ್ಮ ಪರಿಚಯದ ದಿಂಡಿಯ ಮುಖ್ಯಸ್ಥರಿಗೆ ಒಂದು ಕಾರ್ಡು ಬರೆದರು: ಈ ಸಲ ಬಜಾರಿನ ಇಕ್ಕಟ್ಟು ಬೇಡ, ಒಳ್ಳೆಯ ಬಯಲು ಸಿದ್ಧವಿದೆ. ಓವರ್‌ಸಿಯರು ಬಂದು ನೋಡಿ, ಇದು ಯಾವಾಗ ಇಷ್ಟು ಚೆಂದವಾಯಿತು ಎಂದು ಕಣ್ಣರಳಿಸಿದರು.

ಪಾಲಖಿಯ ಪಟ್ಟಿಯಲ್ಲಿ ಐದು ತಾತ್ಕಾಲಿಕ ನಳಗಳಲ್ಲಿ ಅದೂ ಒಂದಾಯಿತು. ಈ ಸಲ ಕಾರಣ ನಾನು ಒಂದೇ ಸಾಲಿನಲ್ಲಿ ಬರೆದೆ, ಅದೂ ಹೆಡ್ ಕ್ಲಾರ್ಕರಿಗೆ ತೋರಿಸಿ. ಒಂದೇ ಉಸಿರಿಗೆ ಮಂಜೂರು. ದಿಂಡಿ ಬರುವ ಎರಡು ದಿನ ಮೊದಲು ಫಿಟ್ಟರು ನಳ ಕೂರಿಸಿದ. ಮೊದಲು ಬುಸ್ಸೆಂದು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ದಿಂಡಿಯವರು ಬಂದರು, ಬಯಲಲ್ಲಿ ಇಳಿದರು, ಮಿಂದರು, ಭಜನೆ ಮಾಡಿದರು. ಓಣಿಯ ಹೆಂಗಸರು ತಟ್ಟಿದ ರೊಟ್ಟಿಯನ್ನು ಹೊಗಳಿ ತಿಂದು, ಮರುದಿನ ನಸುಕಿಗೆ ಮುಂದೆ ನಡೆದರು. ಎಂಟು ದಿನಕ್ಕೆ ಬಾವಿಗೆ ಬೇಲಿ ಬಿತ್ತು.

ಠರಾವಿನ ಪ್ರಕಾರ ತಾತ್ಕಾಲಿಕ ನಳಗಳನ್ನು ಹದಿನೈದು ದಿನದೊಳಗೆ ಕೀಳಬೇಕು. ನಾಲ್ಕು ಕಿತ್ತರು. ಐದನೆಯದಕ್ಕೆ ಹೋಗಲು ಫಿಟ್ಟರಿಗೆ ಒಂದು ದಿನ ಪೈಪು ಒಡೆದದ್ದು ಅಡ್ಡ ಬಂತು, ಇನ್ನೊಂದು ದಿನ ಜ್ವರ ಬಂತು. ಜ್ವರ ಬಂದ ದಿನ ಅವನು ಅದೇ ಓಣಿಯಲ್ಲಿ ರೊಟ್ಟಿ ತಿನ್ನುತ್ತಿದ್ದುದನ್ನು ನಾನು ನೋಡಿದ್ದೆ. ಶ್ರಾವಣದ ಸಭೆಯಲ್ಲಿ ಬಜಾರು ವಾರ್ಡಿನ ಸದಸ್ಯರು ವಿಷಯ ಎತ್ತಿಯೇಬಿಟ್ಟರು. ಪಾಲಖಿಯ ನಳದಲ್ಲಿ ಯಾರು ಯಾರೋ ನೀರು ತುಂಬುತ್ತಿದ್ದಾರೆ, ಇವತ್ತೇ ಕೀಳಿಸಬೇಕು ಎಂದರು. ಏಳೆಂಟು ತಲೆಗಳು ಹೌದೆಂದು ಆಡಿದವು. ಕಿತ್ತರೆ ಆ ವಾರವೇ ಗುತ್ತೇದಾರನ ಲಾರಿ ಬರುತ್ತಿತ್ತು. ಹೆಡ್ ಕ್ಲಾರ್ಕರ ಕಡೆ ನೋಡಿದರೆ ಅವರು ಸೂರಿನ ಜಂತಿ ಎಣಿಸುತ್ತಿದ್ದರು.

ಅಧ್ಯಕ್ಷರು ಕೇಳಿದರು: “ಕೀಳಸಾಕ ಖರ್ಚು ಎಷ್ಟು?”

ಹೆಡ್ ಕ್ಲಾರ್ಕರು ಎದ್ದು ಹೇಳಿದರು: “ರಸ್ತೆ ಅಗದು ಪೈಪು ತೆಗೀಬೇಕು, ಮತ್ತ ಮುಚ್ಚಬೇಕು. ಪಾಲಖಿ ಖಾತೆದಾಗ ಏನೂ ಉಳಿದಿಲ್ರಿ ಸಾಹೇಬ್ರ.”

“ಹಂಗಾರ,” ಎಂದು ಅಧ್ಯಕ್ಷರು ಬಜಾರಿನ ಸದಸ್ಯರ ಕಡೆ ತಿರುಗಿದರು, “ಯಾರ ವಾರ್ಡಿನ ಕೆಲಸ ಕಡಿಮಿ ಮಾಡೂಣು? ನಿಮ್ಮ ಗಟಾರಿಂದ ತಗೊಳ್ಳೂಣೇನು?”

ಸದಸ್ಯರು ಕೂತರು. ತಲೆಯಾಡಿಸಿದವರೆಲ್ಲ ತಲೆ ತಗ್ಗಿಸಿದರು. ಆರು ತಿಂಗಳ ಹಿಂದೆ ನಾನು ಶಪಿಸಿದ್ದ ಅದೇ ಪ್ರಶ್ನೆ. “ವಿಷಯ ಮುಂದಕ್ಕೆ. ಬರಕೊಳ್ರಿ ಬಾಯಾರ” ಎಂದರು ನನಗೆ. ಬರೆದುಕೊಂಡೆ. ಅವರಿಗೆ ಆ ಓಣಿಯ ಮೇಲೆ ಕರುಣೆಯಿತ್ತೋ, ಅಂಗಡಿಗೆ ಹೊತ್ತಾಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಬರುವಷ್ಟರಲ್ಲಿ ಅವರು ಇರಲಿಲ್ಲ. ಯಾವುದೇ ಆಗಿರಲಿ, ಅವರಿಗೆ ನಾನು ಋಣಿ. ನಾನು ಕಣ್ಣೀರು ಸುರಿಸಿ ಬರೆದ ಒಂದು ಪುಟದಿಂದ ಆಗದ್ದು ಅವರ ಆ ಒಣ ಪ್ರಶ್ನೆಯಿಂದ ಆಯಿತು. ಹೆಡ್ ಕ್ಲಾರ್ಕರಿಗಂತೂ ಎಷ್ಟು ಹೇಳಿದರೂ ಸಾಲದು. ಸುಳ್ಳು ಬರೆಯದೆಯೂ ಒಳ್ಳೆಯದು ಮಾಡಬಹುದು, ಅದಕ್ಕೆ ಬೆವರು ಜಾಸ್ತಿ ಬೇಕು ಎಂದು ನನಗೆ ಕಲಿಸಿದವರು ಅವರು. ‘ತಾತ್ಕಾಲಿಕ ನಳ ಕೀಳುವ ಬಗ್ಗೆ’ ಎಂಬ ವಿಷಯ ಅಲ್ಲಿಂದ ಪ್ರತಿ ಸಭೆಯಲ್ಲೂ ಮುಂದಕ್ಕೆ ಹೋಗುತ್ತ, ಎಂಬತ್ತರ ದಶಕದ ನಡುವೆ ದೊಡ್ಡ ಪೈಪು ಆ ಕಡೆಗೆ ಬರುವವರೆಗೂ ಹಾಗೇ ಹೋಯಿತು.

ಸಭೆ ಮುಗಿದ ಸಂಜೆ ಬಸ್ಸು ಬಿಟ್ಟು ಓಣಿಗೆ ಓಡಿದೆ. ಗುಲ್ಬರ್ಗಾದಾಕೆ ಕೊಡ ತುಂಬುತ್ತಿದ್ದಳು. ಕೀಳುವುದಿಲ್ಲ ಎಂದೆ.

“ಎಲ್ಲಿ ತನಕ ಇರ್ತದ್ರಿ?” ಎಂದಳು.

ಶಾಶ್ವತ ಎನ್ನಬೇಕೆಂದು ಬಾಯಿಗೆ ಬಂತು. ಅನ್ನಲಿಲ್ಲ. “ಖಾತ್ರಿ ಹೇಳಾಕ ಬರಂಗಿಲ್ಲವ್ವಾ. ಮತ್ತ ಯಾರರೆ ಕೇಳೂತನಕ.”

“ನಮಗ ಯಾರೂ ಇಷ್ಟೂ ಹೇಳಿಲ್ರಿ ಅಕ್ಕಾರ” ಎಂದಳು.

ಮುಂದಿನ ಸಂತೆಯ ದಿನ ನನ್ನನ್ನು ಕರೆಸಿದಳು. ಗಂಡ ಗುಡಿಸಲಿನ ಬಾಗಿಲಿಗೆ ಅಡ್ಡಲಾಗಿ ಒಂದು ಕಲ್ಲು ಕೂರಿಸಿದ್ದ, ಮಟ್ಟ ಹಿಡಿದು, ಗಾರೆ ಹಾಕಿ. ಗೋಡೆ ಇನ್ನೂ ತಟ್ಟಿಯದು, ಮೇಲೆ ತಗಡು. ಆಕೆ ಆ ಕಲ್ಲಿಗೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು, “ಮಂದಿ ಮನಿಗೆ ಎಷ್ಟ ಹೊಸ್ತಿಲ ಹೊತ್ತೀನಿ ಲೆಕ್ಕಿಲ್ರಿ. ಇದು ನಂದು. ನೀವ ಮೊದಲ ದಾಟ್ರಿ” ಎಂದಳು. ಬೇಡ, ನೀನೇ ದಾಟು ಎಂದೆ. ಕೇಳಲಿಲ್ಲ. ಕೊನೆಗೆ ಇಬ್ಬರೂ ಕೈ ಹಿಡಿದುಕೊಂಡು ಬಲಗಾಲಿಟ್ಟು ಒಳಗೆ ಹೋದೆವು.