ಎರಡು ಬೀಗದ ಫೋಟೊಗಳು

ನಾನು ತಿಪಟೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದ ಕಾಲ. ಯಾರನ್ನೂ ಸುಲಭಕ್ಕೆ ನಂಬದ ಹೆಂಗಸು ಅಂತ ಮನೆಯವರು ನನ್ನನ್ನು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಬಿಳಿಗೆರೆಗೆ ಕೊಟ್ಟಿದ್ದ ತಂಗಿ ಒಂದು ದಿನ ಮಗುವನ್ನು ಗಂಡನ ಮನೆಯಲ್ಲೇ ಬಿಟ್ಟು ಸೆಂಟರಿಗೇ ಬಂದು, ಬಾಗಿಲು ಹಾಕಿಸಿ, ಬೆನ್ನು ತೋರಿಸಿದಳು. ಗಂಡ ಹೊಡೆದಿದ್ದ. ಸೆಂಟರಿನ ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೊ ತೆಗೆದೆ.

ಮುಂದೆ ಹಿರಿಯರು ಕೂತು ಮಾತಾಡುವಾಗ ನಮಗಿದ್ದ ಸಾಕ್ಷಿ ಅದೊಂದೇ. ಆದರೆ ಎಲ್ಲಿಡುವುದು? ಸೆಂಟರಿನ ಮಾಲೀಕ ಅವಳ ಗಂಡನ ಜೊತೆ ದಿನಾ ಕಾಫಿ ಕುಡಿಯುವವನು. ಸಿಡಿಗೆ ಹಾಕಿ ಮನೆಯಲ್ಲಿಟ್ಟರೆ, ಮಾನ ಹೋಗುತ್ತದೆಂದು ಅಮ್ಮನೇ ಒಲೆಗೆ ಹಾಕಿಯಾಳು. ಇಂಟರ್‌ನೆಟ್ಟಿನಲ್ಲಿ ಫೈಲುಗಳಿಗೆ ಪುಕ್ಕಟೆ ಜಾಗ ಕೊಡುವ ಕಂಪನಿಯೊಂದಿತ್ತು. ಪುಕ್ಕಟೆ ಕೊಡುವವರನ್ನು ಕಂಡರಂತೂ ನನಗೆ ಇನ್ನೂ ಅನುಮಾನ. ಯಾವ ದೇಶದಲ್ಲೋ ಯಾವನೋ ಕೂತು ನನ್ನ ತಂಗಿಯ ಬೆನ್ನು ನೋಡುವುದು ಬೇಡ. ಅದಕ್ಕೇ ಫೋಟೊಗಳನ್ನು ನಮ್ಮ ಕಡೆಯೇ ಪಾಸ್‌ವರ್ಡ್ ಹಾಕಿ ಗೂಢಲಿಪಿ ಮಾಡಿ, ಆಮೇಲೆ ಕಳಿಸುವುದೆಂದು ತೀರ್ಮಾನಿಸಿದೆ. ಪಾಸ್‌ವರ್ಡ್ ಕಂಪನಿಗೆ ಹೋಗುವುದೇ ಇಲ್ಲ. ಅವರ ಹತ್ತಿರ ಇರುವುದು ಬರೀ ಕಲಸುಮೇಲೋಗರ.

"ಪಾಸ್‌ವರ್ಡು ನೀನೊಬ್ಳೇ ಇಟ್ಕಬ್ಯಾಡ ಕಣಕ್ಕ," ಅಂದಳು ತಂಗಿ. "ನಿಂಗೆ ಸಿಟ್ಟು ಬಂದ್ರೆ ಊರಿಗೆಲ್ಲ ತೋರಿಸ್ಬುಡ್ತೀಯ."

ಆಸ್ತಿ ಭಾಗವಾದ ಮೇಲೂ ಅಪ್ಪ, ದೊಡ್ಡಪ್ಪ ಇಬ್ಬರ ಕೊಬ್ಬರಿಯೂ ಒಂದೇ ಅಟ್ಟದಲ್ಲಿ ಒಣಗುತ್ತಿತ್ತು. ಅಟ್ಟದ ಬಾಗಿಲಿಗೆ ಎರಡು ಬೀಗ, ಒಬ್ಬೊಬ್ಬರ ಹತ್ತಿರ ಒಂದೊಂದು ಕೀಲಿಕೈ. ಇಬ್ಬರೂ ಬಂದರೆ ಮಾತ್ರ ತೆಗೆಯುವುದು. ನಾವೂ ಹಾಗೇ ಮಾಡಿದೆವು. ಪಾಸ್‌ವರ್ಡಿನ ಮೊದಲರ್ಧ ನಾನು ಒತ್ತಿ ಮುಖ ತಿರುಗಿಸಿಕೊಂಡೆ, ಉಳಿದರ್ಧ ಅವಳು ಒತ್ತಿದಳು. ಫೈಲು ಕಳಿಸಿ, ಕ್ಯಾಮೆರಾ, ಕಂಪ್ಯೂಟರ್ ಎರಡರಲ್ಲೂ ಫೋಟೊ ಅಳಿಸಿದೆ. ನಿಜವಾಗಿ ಅಳಿಸಿತೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಿದೆ.

ಕೊನೆಗೆ ಹಿರಿಯರು ನಮ್ಮ ಮನೆಯ ಪಡಸಾಲೆಯಲ್ಲಿ ಕೂತರು. ತಂಗಿಯ ಗಂಡ ತಣ್ಣಗೆ ಹೇಳಿದ. "ನಾನು ಕೈ ಎತ್ತಿದೋನಲ್ಲ ಕಣ್ರೀ. ಬೇಕಾದ್ರೆ ಅವಳ್ನೇ ಕೇಳಿ."

ಫೋಟೊ ಇದೆ, ಈಗಲೇ ಪೇಟೆಗೆ ಹೋಗಿ ತರುತ್ತೇನೆ ಅಂದೆ. ತಂಗಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಅವಳ ಅರ್ಧ ಕೇಳಿದೆ. ಅವಳು ತಲೆ ಎತ್ತಲಿಲ್ಲ.

"ಜಾರಿ ಬಿದ್ದೆ ಅಂತ ಹೇಳ್ತೀನಿ ಬುಡು ಅಕ್ಕ. ಮಗೀನ ಕೊಡಲ್ವಂತೆ ಅವ್ರು."

ಮಾಲೀಕ, ಕಂಪನಿ, ಹೆತ್ತ ಅಮ್ಮ, ಎಲ್ಲರ ಮೇಲೂ ಅನುಮಾನಪಟ್ಟಿದ್ದೆ. ಮಗುವನ್ನು ಹಿಡಿದಿಟ್ಟುಕೊಂಡು ಅವಳ ಬಾಯಿ ಕಟ್ಟುತ್ತಾರೆ ಅನ್ನುವುದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ. ಅವತ್ತೇ ಸಂಜೆ ಅವಳು ಗಂಡನ ಜೊತೆ ಬಸ್ಸು ಹತ್ತಿದಳು. ಅವಳನ್ನು ಬೈಯುವುದಕ್ಕೂ ನನ್ನಿಂದ ಆಗಲಿಲ್ಲ, ಅಷ್ಟು ಸಂಕಟವಾಗಿತ್ತು.

ಯುಗಾದಿಗೆ ತವರಿಗೆ ಬಂದಾಗ ಮಣಿಕಟ್ಟಿನವರೆಗೂ ತೋಳಿದ್ದ ಕುಪ್ಪಸ ಹಾಕಿದ್ದಳು. ನೆತ್ತಿ ಸುಡುವ ಬಿಸಿಲು. ಸೆಕೆಯಾಗಲ್ವೇನೇ ಅಂತ ಕೇಳಿದೆ.

"ಸೊಳ್ಳೆ ಕಣಕ್ಕ," ಅಂದು, ತೋಳನ್ನು ಇನ್ನಷ್ಟು ಕೆಳಕ್ಕೆಳೆದುಕೊಂಡಳು.