ಕಪಾಟಿನ ಎರಡು ಡಬ್ಬಿಗಳು

ದರ್ಜಿ ಅಂಗಡಿಯ ಕಿಟಕಿ ಪಕ್ಕದ ಹೊಲಿಗೆ ಯಂತ್ರ ಮೊದಲಿನಿಂದಲೂ ಹಿರಿಯ ಸೊಸೆಯದೇ. ಪೆಡಲು ತುಳಿದು ತುಳಿದು ಮಂಡಿ ಸವೆದಾಗ, ಅಂಗಡಿಯ ಯಜಮಾನ ಅವಳನ್ನು ಮೂಲೆಯಲ್ಲಿ ಗುಂಡಿ ಹಚ್ಚಲು ಕೂರಿಸಿದ. ಆ ಜಾಗದಲ್ಲಿ ಈಗ ಅವಳ ಓರಗಿತ್ತಿ ಕೂತು, ಗುನುಗುತ್ತಾ ತುಳಿಯುತ್ತಿದ್ದಳು. ಬೇರೆ ಯಾರಾದರೂ ಕೂತಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಓರಗಿತ್ತಿಗೂ ಮಂಡಿ ನೋಯುತ್ತಿತ್ತು. ಕೋಳಿಯ ಎದೆಯ ಮೆದುಮೂಳೆಯಿಂದ ಮಾಡಿದ ಮಾತ್ರೆ ಕೀಲುಗಳಿಗೆ ನಿಜಕ್ಕೂ ಒಳ್ಳೆಯದೋ ಅಲ್ಲವೋ ಎಂದು ಆಸ್ಪತ್ರೆಯವರು ಪರೀಕ್ಷಿಸುತ್ತಿದ್ದರು. ಇಬ್ಬರೂ ಆ ಪರೀಕ್ಷೆಗೆ ಸೇರಿಕೊಂಡರು. ಅರ್ಧ ಜನರಿಗೆ ಅಸಲಿ ಮಾತ್ರೆ, ಉಳಿದವರಿಗೆ ಬರೀ ಹಿಟ್ಟಿನದು. ಯಾರಿಗೆ ಯಾವುದೆಂದು ಕೊಡುವ ಡಾಕ್ಟರಿಗೂ ಗೊತ್ತಿರಲಿಲ್ಲ.

ತಿಂಗಳೊಳಗೆ ಓರಗಿತ್ತಿ ಮೆಟ್ಟಿಲನ್ನು ಹಾರಿ ಹಾರಿ ಹತ್ತತೊಡಗಿದಳು.

"ಅಕ್ಕಾ, ನಿಮ್ದು ಹಿಟ್ಟೇ ಇರ್ಬೇಕು. ಕೂಡಿಟ್ಕೊಳ್ಳಿ, ಒಂದಿನ ರೊಟ್ಟಿಗೆ ಕಲಸಿಬಿಡೋಣ!"

ಹಿರಿಯವಳು ನಕ್ಕಳು. ಮರುದಿನ ಓರಗಿತ್ತಿ ಸ್ನಾನಕ್ಕೆ ಹೋದಾಗ ಕಪಾಟು ತೆರೆದು, ಎರಡೂ ಡಬ್ಬಿಗಳ ಮಾತ್ರೆಗಳನ್ನು ಅದಲುಬದಲು ಮಾಡಿದಳು. ಮುಚ್ಚಳ ಬಿಗಿದು, ಡಬ್ಬಿಗಳನ್ನು ಇದ್ದಲ್ಲೇ ಇಟ್ಟಳು.

ಆಮೇಲೆ ಮಂಡಿ ಹಗುರಾಯಿತು. ಊಟದ ಬಿಡುವಿನಲ್ಲಿ ಕಿಟಕಿ ಪಕ್ಕ ಕೂತು ಒಂದು ಲಂಗದ ಅಂಚನ್ನು ಪೂರ್ತಿ ಹೊಲಿದಳು. ನೋವೇ ಇಲ್ಲ! ನೋಡಿದ ಯಜಮಾನ, "ಸೋಮವಾರದಿಂದ ನಿನ್ ಜಾಗಕ್ಕೆ ಬಾರಮ್ಮ" ಎಂದ.

ಸೋಮವಾರಕ್ಕೆ ಮೊದಲೇ ಆಸ್ಪತ್ರೆಯಿಂದ ಕರೆ ಬಂತು; ಇಬ್ಬರೂ ಹೋದರು.

"ಎರಡೂ ಗುಂಪಲ್ಲಿ ನೋವು ಇಳಿದಿದೆ," ಎಂದರು ಡಾಕ್ಟರು. "ಅಸಲಿ ತಗೊಂಡೋರಿಗೆ ಚೂರು ಜಾಸ್ತಿ. ಆದ್ರೆ ಇಷ್ಟು ಕಡಿಮೆ ಜನರನ್ನ ನೋಡಿ ಗ್ಯಾರಂಟಿ ಹೇಳೋಕಾಗಲ್ಲ." ಓರಗಿತ್ತಿಯ ಕಡೆ ತಿರುಗಿದರು. "ನಿಮಗೆ ಕೊಟ್ಟಿದ್ದು ಹಿಟ್ಟು. ನಿಮ್ಮಕ್ಕನಿಗೆ ಅಸಲಿ."

ಓರಗಿತ್ತಿ ಚಪ್ಪಾಳೆ ತಟ್ಟಿದಳು. "ನೋಡಿದ್ರಾ ಅಕ್ಕಾ! ಬರೀ ಹಿಟ್ಟು ತಿಂದೇ ನಾನು ಕುಣೀತಿದೀನಿ. ನನ್ ಮಂಡಿನೇ ಮಂಡಿ!"

ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಜಂಬವನ್ನು ಹಿರಿಯವಳಿಂದ ತಡೆದುಕೊಳ್ಳಲಾಗಲಿಲ್ಲ.

"ಹಿಟ್ಟಂತೆ ಹಿಟ್ಟು! ಮೊದಲೊಂದಿಷ್ಟು ದಿನ ಬಿಟ್ರೆ ನೀನು ತಿಂದಿದ್ದೆಲ್ಲಾ ನನ್ ಮಾತ್ರೆ ಕಣೇ! ನಾನೇ ಬದಲಾಯಿಸಿದ್ದು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ನಿಮ್ಮಿಬ್ಬರ ಫಲಿತಾಂಶವೂ ಲೆಕ್ಕಕ್ಕಿಲ್ಲಮ್ಮ."

ಹೊರಗೆ ಬಂದ ಮೇಲೆ ಓರಗಿತ್ತಿ ಮೆಟ್ಟಿಲ ಬಳಿ ನಿಂತು ಮೆಲ್ಲಗೆ ಕೇಳಿದಳು: "ಅಂದ್ರೆ ಅಕ್ಕಾ, ಆ ಲಂಗ ಹೊಲಿದಿದ್ದು... ಹಿಟ್ಟು ತಿಂದ್ಕೊಂಡಾ?"

ಹಿರಿಯವಳು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಇಷ್ಟು ದಿನ ತೆಪ್ಪಗಿದ್ದ ಮಂಡಿ ಕಟಕ್ಕೆಂದಿತು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವಷ್ಟರಲ್ಲಿ ಓರಗಿತ್ತಿ ಕೆಳಗೆ ತಲುಪಿ, ತಲೆಯೆತ್ತಿ ಅವಳಿಗಾಗಿ ಕಾಯುತ್ತಿದ್ದಳು.