ನಾಲ್ಕು ಬೆರಳೆತ್ತರದ ಅಕ್ಷರ

ನಮ್ಮ ಮನೆಯ ಟೀವಿ ಒಂಬತ್ತು ದಿನ ನನ್ನ ಮುಖ ನೋಡಿ ‘ನೋ ಸಿಗ್ನಲ್’ ಎಂದಿತು. ನೀಲಿ ಪರದೆಯ ಮೇಲೆ ಆ ಎರಡು ಪದ ಪಾರ್ಕಿನಲ್ಲಿ ವಾಕಿಂಗ್ ಮಾಡುವವರ ಹಾಗೆ ಈ ಮೂಲೆಯಿಂದ ಆ ಮೂಲೆಗೆ ಆರಾಮಾಗಿ ಓಡಾಡಿಕೊಂಡಿದ್ದವು. ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಆ ಒಂಬತ್ತು ದಿನ ಅದು ಮೂಗಿನಿಂದಿಳಿದು ಮನೆಯೆಲ್ಲ ಸುತ್ತಾಡುತ್ತಿತ್ತು.

ಅಷ್ಟಕ್ಕೂ ಆ ಟೀವಿಯಲ್ಲಿ ನಾನೇನು ಸಿನಿಮಾ ನೋಡಬೇಕಿರಲಿಲ್ಲ. ನಮ್ಮಕ್ಕ ಓದಬಲ್ಲಷ್ಟು ದಪ್ಪ ಅಕ್ಷರದಲ್ಲಿ ನಾಲ್ಕು ದೇವರನಾಮ ಕಾಣಿಸಿದ್ದರೆ ಸಾಕಿತ್ತು.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವಳ ಮನೆ ಯಡಿಯೂರು ಕೆರೆಯ ಹತ್ತಿರ, ನಮ್ಮದು ಜಯನಗರ, ನಡೆದರೆ ಕಾಲು ಗಂಟೆ. ಪ್ರತಿ ಶುಕ್ರವಾರ ಸಂಜೆ ನಮ್ಮ ಮನೆಯ ಹಾಲ್‌ನಲ್ಲಿ ಏಳೆಂಟು ಹೆಂಗಸರು ಸೇರಿ ಹಾಡುತ್ತೇವೆ. ಹಾಡು ಹೇಳಿಕೊಟ್ಟವಳು ಅಕ್ಕ, ಶುರು ಮಾಡುವವಳು ಅಕ್ಕ, ತಾಳ ತಪ್ಪಿದರೆ ಹಾಡುತ್ತಲೇ ಕಣ್ಣು ಬಿಟ್ಟು ಹೆದರಿಸುವವಳೂ ಅಕ್ಕ. ರಾಗ ಅವಳ ತಲೆಯಲ್ಲಿದೆ, ಆದರೆ ಸಾಹಿತ್ಯ ಮಾತ್ರ ಎದುರಿಗಿರಬೇಕು. ಬಾಯಿಪಾಠ ನಂಬಿಕೊಂಡು ಹಾಡಿದವಳೇ ಅಲ್ಲ. ಅವಳ ಕೈಬರಹದ ಪುಸ್ತಕ ತೊಡೆಯ ಮೇಲಿದ್ದರೇನೇ ಗಂಟಲು ಬಿಚ್ಚುವುದು.

ಮೂರು ತಿಂಗಳ ಹಿಂದೆ ಒಂದು ಶುಕ್ರವಾರ ಅವಳು ಎರಡು ಹಾಳೆಯನ್ನು ಒಟ್ಟಿಗೆ ಮಗುಚಿ, ಒಂದು ಹಾಡಿನ ಪಲ್ಲವಿಗೆ ಇನ್ನೊಂದು ಹಾಡಿನ ಚರಣ ಸೇರಿಸಿಬಿಟ್ಟಳು. ಯಾರೋ ಕಿಸಕ್ಕನೆ ನಕ್ಕರು. ಅಕ್ಕನೂ ನಕ್ಕಳು. ಮುಂದಿನ ಶುಕ್ರವಾರ ‘ಮಂಡಿ ನೋವು ಕಣೇ, ಬರಲ್ಲ’ ಎಂದು ಫೋನು. ಅದರ ಮುಂದಿನ ವಾರವೂ ಮಂಡಿಯೇ. ಅದೇ ಮಂಡಿ ಹೊತ್ತುಕೊಂಡು ಅವಳು ಬೆಳಿಗ್ಗೆ ಕೆರೆಗೆ ಮೂರು ಸುತ್ತು ಹಾಕುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಬೇರೆ ದಿನ ನಮ್ಮ ಮನೆಗೆ ಕಾಫಿಗೆ ಬರುತ್ತಿದ್ದಳು, ಶುಕ್ರವಾರ ಮಾತ್ರ ಇಲ್ಲ.

ಒಂದು ದಿನ ಅವಳ ಅಡುಗೆಮನೆಯಲ್ಲಿ ನಿಂತಿದ್ದೆ. ಒಗ್ಗರಣೆಗೆ ಮುಂಚೆ ಅಕ್ಕ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಮೂಸಿ ನೋಡುತ್ತಿದ್ದಳು. ಜೀರಿಗೆ ಯಾವುದು, ಓಮ ಯಾವುದು ಎಂದು ಮೂಗಿನಿಂದ ಗೊತ್ತುಮಾಡಿಕೊಳ್ಳುತ್ತಿದ್ದಳು.

“ಕಣ್ಣಿನ ಡಾಕ್ಟರ್ ಹತ್ರ ಹೋಗಿದ್ಯಲ್ಲ, ಏನಂದ್ರು?” ಎಂದು ಕೇಳಿದೆ.

“ವಯಸ್ಸಾಯ್ತು ಅಂದ್ರು. ಅದನ್ನ ಹೇಳಕ್ಕೆ ಅವರೇ ಬೇಕಿತ್ತಾ?” ಎಂದಳು. ಆಮೇಲೆ ಕಣ್ಣಿನ ಸುದ್ದಿ ಎತ್ತಲು ಬಿಡಲಿಲ್ಲ. ಎತ್ತಿದರೆ ಎದ್ದು ಹೋಗುತ್ತಿದ್ದಳು. ಜಂಭ ನಮ್ಮಪ್ಪನಿಂದ ಬಂದಿದ್ದು, ಇಬ್ಬರಿಗೂ ಸಮನಾಗಿ ಹಂಚಿಹೋಗಿದೆ.

ನಾನು ಮೂವತ್ತು ವರ್ಷ ಒಂದು ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕಿದವಳು. ಹಾಡಿನ ಸಾಹಿತ್ಯವನ್ನು ಟೀವಿಗೆ ಹಾಕಿದರೆ ಎಲ್ಲರೂ ತಲೆಯೆತ್ತಿ ಅದನ್ನೇ ನೋಡುತ್ತಾರೆ, ಅಕ್ಕ ಒಬ್ಬಳಿಗಾಗಿ ಮಾಡಿದ್ದು ಎಂದು ಯಾರಿಗೂ, ಅಕ್ಕನಿಗೂ, ಗೊತ್ತಾಗುವುದಿಲ್ಲ. ಇದು ನನ್ನ ಲೆಕ್ಕಾಚಾರ. ಯಜಮಾನರ ಲ್ಯಾಪ್‌ಟಾಪನ್ನೇ ಟೀವಿಗೆ ಸಿಕ್ಕಿಸಬಹುದಿತ್ತು. ಆದರೆ ಸಂಜೆ ಅವರು ಅದರಲ್ಲಿ ಚೆಸ್ ಆಡುತ್ತಾರೆ, ಕೇಳಿದರೆ ಕಿಡ್ನಿ ಕೇಳಿದ ಹಾಗೆ ಆಡುತ್ತಾರೆ. ನಿಜ ಹೇಳಿಬಿಡುತ್ತೇನೆ, ಅದೂ ಒಂದು ನೆಪ. ನಿವೃತ್ತಿಯಾದ ಮೇಲೆ ನಾನು ಒಂದು ಬೋರ್ಡನ್ನೂ ಮುಟ್ಟಿರಲಿಲ್ಲ, ಕೈ ತುರಿಸುತ್ತಿತ್ತು. ಒಂದೇ ಬೋರ್ಡಿನ ಮೇಲೆ ಇಡೀ ಕಂಪ್ಯೂಟರು, ಎರಡು ಬೆಂಕಿಪೊಟ್ಟಣ ಪಕ್ಕಪಕ್ಕ ಇಟ್ಟಷ್ಟೇ ಗಾತ್ರ, ಎಂದು ಎಲ್ಲೋ ಓದಿದ್ದೆ. ಅಂಗಡಿ ಹುಡುಕಿಕೊಂಡು ಹೋದೆ.

ಕೌಂಟರಿನವನು ನನ್ನ ಸೀರೆ, ಬ್ಯಾಗು, ಬಿಳಿ ಕೂದಲು ಮೂರನ್ನೂ ನೋಡಿ, “ಆಂಟಿ, ಇದು ಸ್ವಲ್ಪ ಟೆಕ್ನಿಕಲ್ಲು. ಮಗನ್ನ ಕಳ್ಸಿಬಿಡಿ, ನಾನು ಹೇಳ್ಕೊಡ್ತೀನಿ” ಎಂದ.

“ಕಳ್ಸಕ್ಕೆ ಮಗ ಇಲ್ಲ ಕಣಪ್ಪ. ಇರೋ ಮಗಳಿಗೆ ಸ್ಕ್ರೂಡ್ರೈವರ್ ಕಂಡ್ರೆ ಆಗಲ್ಲ. ನೀನು ಹುಟ್ಟೋಕ್ ಮುಂಚಿನಿಂದ ಬೋರ್ಡ್ ಮಾಡಿದೀನಿ, ನನಗೇ ಹೇಳು” ಎಂದೆ. ಪಾಪ, ಆಮೇಲೆ ಅರ್ಧ ಗಂಟೆ ಕೂತು ಎಲ್ಲ ಹೇಳಿದ. ಟೀವಿ ವೈರನ್ನೂ ಅವನೇ ಹುಡುಕಿ ಕೊಟ್ಟ.

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪಿನಿಂದ ಉಗುರಿನಷ್ಟು ಮೆಮೊರಿ ಕಾರ್ಡಿಗೆ, ಬೋರ್ಡನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಇಳಿಸಿಕೊಂಡೆ. ನಾಲ್ಕು ಹಾಡನ್ನೂ ಟೈಪ್ ಮಾಡಿ ಅದರಲ್ಲೇ ಹಾಕಿದೆ. ಕಾರ್ಡನ್ನು ಬೋರ್ಡಿಗೆ ತೂರಿಸಿ, ವೈರನ್ನು ಟೀವಿಗೆ ಚುಚ್ಚಿ, ಸ್ವಿಚ್ ಒತ್ತಿದೆ. ನೋ ಸಿಗ್ನಲ್.

ಮೊದಲು ಚಾರ್ಜರಿನ ಮೇಲೆ ಅನುಮಾನ ಬಂತು. ಮೊಬೈಲಿನ ಚಾರ್ಜರು ಅದಕ್ಕೆ ಸಾಲದು, ಕೆಂಪು ದೀಪ ಮಿಣುಕುತ್ತಿತ್ತು. ಸರಿಯಾದದ್ದನ್ನು ತಂದೆ. ದೀಪ ಸ್ಥಿರವಾಯಿತು, ಟೀವಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಕಾರ್ಡಿನಲ್ಲಿ ತಪ್ಪಾಗಿರಬೇಕೆಂದು ಲಿನಕ್ಸನ್ನು ಅಳಿಸಿ ಮತ್ತೆ ಹಾಕಿದೆ. ಮತ್ತೆ ಅಳಿಸಿದೆ, ಮತ್ತೆ ಹಾಕಿದೆ. ಕಾರ್ಡು ಬದಲಾಯಿಸಿದೆ. ಮೊದಲು ಟೀವಿ ಹಾಕಿ ಆಮೇಲೆ ಬೋರ್ಡು ಹಾಕಿದೆ, ಮೊದಲು ಬೋರ್ಡು ಹಾಕಿ ಆಮೇಲೆ ಟೀವಿ ಹಾಕಿದೆ. ಇಂಟರ್ನೆಟ್ಟಿನಲ್ಲಿ ಇಂಥ ತೊಂದರೆಯವರೆಲ್ಲ ಸೇರುವ ಒಂದು ಜಾಗವಿದೆ. ಅಲ್ಲಿ ನನ್ನ ಗೋಳು ಬರೆದೆ. ಯಾವ ದೇಶದವನೋ ಪುಣ್ಯಾತ್ಮ, ‘ಬೋರ್ಡಿನ ಹಸಿರು ದೀಪ ಹೇಗೆ ಮಿನುಗುತ್ತಿದೆ?’ ಎಂದು ಕೇಳಿದ. ನಾನು ದೀಪದ ಮುಂದೆ ಕೂತು ಎಣಿಸಿ ಹೇಳಿದೆ. ‘ಹಾಗಿದ್ದರೆ ಎಲ್ಲ ಚೆನ್ನಾಗಿದೆ’ ಎಂದ. ಚೆನ್ನಾಗಿದೆಯಂತೆ! ಆವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು.

“ಸೋತೆ ಅಂತ ಒಪ್ಕೊಂಡ್ಬಿಡೇ, ಹೊಸ ಟೀವಿ ತರೋಣ” ಎಂದರು ಯಜಮಾನರು.

“ಟೀವಿ ಯಾಕ್ರೀ, ಹೊಸ ಹೆಂಡ್ತೀನೇ ತನ್ನಿ” ಎಂದೆ.

ಹತ್ತನೆಯ ದಿನ, ಬುಧವಾರ ಮಧ್ಯಾಹ್ನ, ಸಿಟ್ಟಿನಲ್ಲಿ ವೈರಿನ ತುದಿಯನ್ನು ಬೋರ್ಡಿಗೆ ಬಲವಾಗಿ ಒತ್ತಿದೆ. ಟೀವಿಯಲ್ಲಿ ಏನೋ ಮಿಂಚಿ ಹೋಯಿತು. ಇನ್ನಷ್ಟು ಒತ್ತಿ, ಸ್ವಲ್ಪ ಎಡಕ್ಕೆ ಬಗ್ಗಿಸಿ ಹಿಡಿದೆ. ಬಂತು! “ರೀ, ಬಂತು, ಬಂತು ರೀ!” ಎಂದು ಕಿರುಚಿದ ರಭಸಕ್ಕೆ ಅವರು ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದರು.

ಬಂದದ್ದೇನೋ ಬಂತು, ಆದರೆ ರೂಪ ನೋಡಬೇಕಿತ್ತು. ಟೀವಿಗೂ ಬೋರ್ಡಿಗೂ ವೈರಿನ ಮೂಲಕ ಮೊದಲು ಒಂದು ಮಾತುಕತೆ ನಡೆಯುತ್ತದೆ. ‘ನಾನು ಇಷ್ಟು ಅಗಲ, ಇಷ್ಟು ಎತ್ತರ’ ಎಂದು ಟೀವಿ ತನ್ನ ಅಳತೆ ಹೇಳಬೇಕು. ಆ ಮಾತು ಮುಟ್ಟದಿದ್ದರೆ ಬೋರ್ಡು ಅಂದಾಜಿನ ಮೇಲೆ ಒಂದು ಪುಟಾಣಿ ಚಿತ್ರ ಕಳಿಸುತ್ತದೆ, ಅದು ದೊಡ್ಡ ಪರದೆಯ ಮೇಲೆ ಉಬ್ಬಿಕೊಳ್ಳುತ್ತದೆ. ನಮ್ಮ ಟೀವಿಯಲ್ಲಿ ಎಲ್ಲವೂ ರಾಕ್ಷಸಾಕಾರವಾಗಿತ್ತು. ಹಾಡಿನ ಫೈಲು ತೆರೆದರೆ ಕನ್ನಡದ ಜಾಗದಲ್ಲಿ ಸಾಲಾಗಿ ಖಾಲಿ ಚೌಕಗಳು. ಕನ್ನಡದ ಅಕ್ಷರಗಳೇ ಬೋರ್ಡಿಗೆ ಗೊತ್ತಿರಲಿಲ್ಲ, ಅವನ್ನು ಬೇರೆ ತರಿಸಿ ಹಾಕಬೇಕು. ವೈರು ಹಿಡಿಯುವ ಕೆಲಸ ಯಜಮಾನರಿಗೆ ಕೊಟ್ಟು, ಬೋರ್ಡಿಗೆ ಕೀಬೋರ್ಡ್ ಸಿಕ್ಕಿಸಿ ನಾನು ಟೈಪ್ ಮಾಡಲು ಕೂತೆ.

“ಅಲ್ಲಾಡ್ಬೇಡಿ” ಎಂದೆ.

“ಉಸಿರಾಡ್ಬೋದಾ?” ಎಂದವರು ತಕ್ಷಣ ಸೀನಿದರು. ಟೀವಿ ಕಪ್ಪಾಯಿತು. ಮೂರು ಸಲ ಹೀಗೇ ಆಗಿ, ನಾಲ್ಕನೆಯ ಸಲ ಅಕ್ಷರಗಳು ಕೂತವು. ಅವರು ಕುಕ್ಕರ್ ಆರಿಸಲು ಹೋದರು. ನಾನು ಎಡಗೈಯಲ್ಲಿ ವೈರು ಒತ್ತಿಕೊಂಡು, ಬಲಗೈಯಲ್ಲಿ ಹಾಡು ತೆರೆದೆ. ಒಂದೊಂದು ಅಕ್ಷರ ನಾಲ್ಕು ಬೆರಳು ಎತ್ತರ. ಸಾಲಿಗೆ ಮೂರು ಪದ ಹಿಡಿದರೆ ಹೆಚ್ಚು. ಅಂಚೆಲ್ಲ ಒರಟೊರಟು. ಛೀ, ಇದನ್ನು ಯಾರಿಗೆ ತೋರಿಸಲಿ ಎಂದು ಅಂದುಕೊಳ್ಳುತ್ತಿರುವಾಗಲೇ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು.

ಅಕ್ಕ ಕಾಫಿಗೆ ಬಂದಿದ್ದಳು. ಹೊಸ್ತಿಲು ದಾಟಿದವಳು ಅಲ್ಲೇ ನಿಂತಳು. ಮುಖವನ್ನು ಸ್ವಲ್ಪ ಓರೆ ಮಾಡಿ ಟೀವಿಯ ಕಡೆ ನೋಡಿದಳು. ತುಟಿ ಅಲ್ಲಾಡಿತು. ಮೊದಲ ಸಾಲನ್ನು ಓದಿದಳು. ಹೌದು, ಓದಿದಳು! ಆಮೇಲೆ ಅದನ್ನೇ ರಾಗವಾಗಿ ಎತ್ತಿಕೊಂಡಳು. ಬಂದು ಸೋಫಾದ ತುದಿಯಲ್ಲಿ ಕೂತು, ಬ್ಯಾಗು ಹೆಗಲಿಂದ ಇಳಿಸದೆಯೇ, “ಮುಂದಿನ ಸಾಲೆಲ್ಲೇ?” ಎಂದಳು.

ನಾನು ಬಲಗೈಯಲ್ಲಿ ಗುಂಡಿ ಒತ್ತಿದೆ. ಎಡಗೈ ವೈರಿನ ಮೇಲೆ. ಸಾಲು ಬಂತು, ಅಕ್ಕ ಹಾಡಿದಳು. ಮೂರು ತಿಂಗಳಿಂದ ಕೇಳದ ದನಿ. ಒಂದು ಹಾಡು ಮುಗಿಸಿ ಇನ್ನೊಂದು ಕೇಳಿದಳು. ನನ್ನ ಮಣಿಕಟ್ಟು ಬಿದ್ದುಹೋಗುವಂತಾಗಿತ್ತು, ಹೆಬ್ಬೆರಳು ಮರಗಟ್ಟಿತ್ತು. ಬಿಟ್ಟರೆ ಟೀವಿ ಹೋಗುತ್ತದೆ, ಬಿಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಯಜಮಾನರು ಸದ್ದಿಲ್ಲದೆ ನಿಂತು ಕೇಳುತ್ತಿದ್ದರು. ನಾಲ್ಕೂ ಹಾಡಾಯಿತು. ನನಗೆ ಅಷ್ಟು ಸಂತೋಷ ಇತ್ತೀಚೆಗೆ ಯಾವತ್ತೂ ಆಗಿರಲಿಲ್ಲ.

ಅಕ್ಕ ಕಾಫಿ ಕುಡಿದು, ಕಣ್ಣಿನ ಮಾತು, ಟೀವಿಯ ಮಾತು ಎರಡನ್ನೂ ಆಡದೆ ಹೊರಟಳು. ಗೇಟಿನ ಹತ್ತಿರ ಮಾತ್ರ, “ಶುಕ್ರವಾರ ಎಷ್ಟು ಗಂಟೆಗೆ ಸೇರ್ತೀರ? ಮೊದಲಿನ್ ಟೈಮೇನಾ?” ಎಂದು ಕೇಳಿದಳು.

ಅವಳು ತಿರುವಿನಲ್ಲಿ ಮರೆಯಾಗುತ್ತಲೇ ನಾನು ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ತಂದು, ವೈರು ಕೂರುವ ತೂತಿನೊಳಗೆ ನೋಡಿದೆ. ಒಳಗೆ ಕೆಂಪಗೆ ಏನೋ ಒಣಗಿ ಗಟ್ಟಿಯಾಗಿತ್ತು. ಸೂಜಿಯಲ್ಲಿ ಕೆದಕಿ ಬೆರಳಿಗೆ ಹಚ್ಚಿಕೊಂಡೆ. ಕುಂಕುಮ!

“ರೀ! ಬೋರ್ಡಿಗೆ ಕುಂಕುಮ ಹಚ್ಚಿದ್ರಾ ನೀವು? ಬುದ್ಧಿ ಇದ್ಯಾ? ಒಂಬತ್ತು ದಿನ ರೀ, ಒಂಬತ್ತು ದಿನ...”

“ನಾನಲ್ಲ ಕಣೇ” ಎಂದರು. “ತಂದ ಮಾರನೇ ದಿನ ಬೆಳಿಗ್ಗೆ ನಿಮ್ಮಕ್ಕ ಬಂದಿದ್ರಲ್ಲ, ನೀನು ಒಳಗೆ ಕಾಫಿ ಬೆರೆಸ್ತಿದ್ದೆ. ಹೊಸ ವಸ್ತು, ಪೂಜೆ ಮಾಡ್ದೆ ಶುರು ಮಾಡ್ತಾಳಾ ಅಂತ ಅವರೇ ಕುಂಕುಮ ಕಲಸಿ ಬೊಟ್ಟಿಟ್ರು. ಅಂಚಿಗೆ ಇಡಕ್ಕೆ ಹೋಗಿ, ಪಾಪ, ಎಲ್ಲಿ ಇಟ್ರೋ ಅವರಿಗೇ ಗೊತ್ತಾಗಿಲ್ಲ. ನಿನಗೆ ಹೇಳಿದ್ರೆ ಕೂಗಾಡ್ತೀಯ ಅಂತ ಸುಮ್ನಿದ್ದೆ.”

ಬೆರಳಿನ ಮೇಲಿನ ಕೆಂಪು ನೋಡುತ್ತಾ ಅಲ್ಲೇ ನೆಲದ ಮೇಲೆ ಕೂತೆ. ನನ್ನ ಕೆಲಸ ಕೈಗೂಡಲಿ ಎಂದು ಅಕ್ಕ ಇಟ್ಟ ಬೊಟ್ಟು. ಅಷ್ಟು ಹತ್ತಿರದಲ್ಲಿ ಹಿಡಿದ ವಸ್ತುವಿನ ತೂತು ಕೂಡ ಅವಳಿಗೆ ಕಾಣಿಸಿರಲಿಲ್ಲ. ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಯಜಮಾನರು ಗಾಬರಿಯಾಗಿ ನೀರು ತಂದರು.

ಹಳೆಯ ಟೂತ್‌ಬ್ರಷ್ಷು, ಸ್ಪಿರಿಟ್ಟು ತೆಗೆದುಕೊಂಡು ತೂತನ್ನು ಮೆಲ್ಲಗೆ ತೊಳೆದು, ಮರುದಿನದವರೆಗೆ ಒಣಗಲು ಬಿಟ್ಟೆ. ಗುರುವಾರ ವೈರು ಚುಚ್ಚಿದರೆ, ಆಹಾ, ಕೈಯಲ್ಲಿ ಒತ್ತುವುದೇ ಬೇಡ. ಟೀವಿ ತನ್ನ ಅಳತೆ ಸರಿಯಾಗಿ ಹೇಳಿತ್ತು. ಅಕ್ಷರಗಳು ಮುತ್ತು ಪೋಣಿಸಿದ ಹಾಗೆ ನುಣ್ಣಗೆ, ಅಚ್ಚುಕಟ್ಟಾಗಿ, ಒಂದು ಇಡೀ ಹಾಡು ಒಂದೇ ಪರದೆಯಲ್ಲಿ. ಎಷ್ಟು ಚೆನ್ನಾಗಿತ್ತೆಂದರೆ ಐದು ನಿಮಿಷ ಸುಮ್ಮನೆ ನೋಡಿದೆ. ಆಮೇಲೆ ಟೀವಿಯ ಮುಂದೆ ಹೋಗಿ ನನ್ನ ಎಡಗೈಯ ನಾಲ್ಕು ಬೆರಳು ಪರದೆಗೆ ಹಿಡಿದು, ಅಷ್ಟೆತ್ತರ ಆಗುವವರೆಗೆ ಅಕ್ಷರ ದೊಡ್ಡದು ಮಾಡುತ್ತಾ ಹೋದೆ. ಸಾಲಿಗೆ ಮತ್ತೆ ಮೂರೇ ಪದ.

ಶುಕ್ರವಾರ ಎಲ್ಲರೂ ಬಂದರು. ಅಕ್ಕ ಎಲ್ಲರಿಗಿಂತ ಮುಂಚೆ ಬಂದು ನಡುವಿನ ಕುರ್ಚಿ ಹಿಡಿದಿದ್ದಳು. ಟೀವಿ ಹಾಕಿದೆ.

“ಅಯ್ಯೋ, ಇದೇನ್ರೀ, ಬಸ್ ಬೋರ್ಡ್ ಥರ!” ಎಂದು ಆವತ್ತು ಕಿಸಕ್ಕನೆ ನಕ್ಕಿದ್ದವರೇ ಕೂಗಿದರು. “ಸಣ್ಣದು ಮಾಡ್ರೀ. ಒಂದು ಹಾಡಿಗೆ ಹತ್ತು ಸಲ ಬಟನ್ ಒತ್ತಬೇಕಾಗತ್ತೆ ನೀವು.”

“ಆಗಲ್ಲ ರೀ. ಮೆಷಿನ್ನೇ ಹಾಗಿದೆ.”

“ಮೂವತ್ತು ವರ್ಷ ಫ್ಯಾಕ್ಟ್ರೀಲಿ ಇದ್ದೋರು, ನಿಮ್ಮ ಕೈಲಿ ಸರಿಮಾಡಕ್ಕೆ ಆಗಲ್ವಾ?”

ಮೈಯೆಲ್ಲ ಉರಿಯಿತು. ಒಳಗಡೆ ಯಜಮಾನರು ಕೆಮ್ಮಿದಂತೆ ನಕ್ಕಿದ್ದು ಕೇಳಿಸಿತು. ಹಲ್ಲು ಕಚ್ಚಿಕೊಂಡು ಹೇಳಿದೆ: “ಇಲ್ಲ. ನನಗೆ ಬರಲ್ಲ.”

ಅಕ್ಕ ನನ್ನ ಕಡೆ ತಿರುಗಿದಳು. ಮುಖ ಓರೆ ಮಾಡಿಕೊಂಡು ತುಂಬ ಹೊತ್ತು ನೋಡಿದಳು.

“ಸುಳ್ಳು ಹೇಳ್ತಿದಾಳೆ ಕಣ್ರೇ” ಎಂದಳು. “ಅವಳಿಗೆ ಚೆನ್ನಾಗಿ ಬರತ್ತೆ. ನನಗೆ ಕಣ್ಣು ಕಾಣ್ಸಲ್ಲ. ಪುಸ್ತಕ ಓದಕ್ಕಾಗಲ್ಲ, ಅದಕ್ಕೇ ನಾನು ಬರ್ತಿರ್ಲಿಲ್ಲ. ಅದಕ್ಕೇ ಇವಳು ಇಷ್ಟು ದೊಡ್ಡದು ಮಾಡಿಟ್ಟಿರೋದು.”

ನನಗೆ ತಲೆಯೆತ್ತಲು ಆಗಲಿಲ್ಲ. ಸಣ್ಣದು ಮಾಡಿ ಎಂದಿದ್ದವರು ಸೀರೆಯ ಸೆರಗು ಸರಿಮಾಡಿಕೊಂಡು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಹಂಗಾದ್ರೆ ಇನ್ನೂ ಸ್ವಲ್ಪ ದೊಡ್ಡದು ಮಾಡ್ರೀ” ಎಂದರು ಸಣ್ಣ ದನಿಯಲ್ಲಿ. “ನಿಜ ಹೇಳ್ಬೇಕೂಂದ್ರೆ ನನಗೂ ಸರಿಯಾಗಿ ಕಾಣ್ತಿಲ್ಲ.”

“ನನಗೂ” ಎಂದಿತು ಹಿಂದಿನಿಂದ ಒಂದು ದನಿ. “ನಾನು ಎರಡು ವರ್ಷದಿಂದ ಸುಮ್ನೆ ಬಾಯಿ ಆಡಿಸ್ತಿದೀನಿ.”

ಅಕ್ಕ ಮೊದಲು ನಕ್ಕಳು. ಆಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ನಾನು ಅಕ್ಷರವನ್ನು ಇನ್ನಷ್ಟು ದೊಡ್ಡದು ಮಾಡಿದೆ. ಸಾಲಿಗೆ ಈಗ ಎರಡೇ ಪದ ಹಿಡಿಯಿತು. ಅಕ್ಕ ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು.